ಸೀಸೆಗೆ ಬಾರದ ಘಮ

ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿಗೆ ಬಂದವರು ಹಳದಿಯಾಗದೆ ಮರಳುವುದಿಲ್ಲ. ರಾಯಬಾಗ ತಾಲ್ಲೂಕಿನ ನಮ್ಮೂರ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಕಡೆಯಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ, ಮಿರಜ್‌ನಿಂದ ಬೆಳಗಾವಿಗೆ ಹೋಗುವ ರೈಲಿನಲ್ಲಿ ಬಂದಿಳಿಯುತ್ತಾರೆ, ಈಗೀಗ ಟ್ರ್ಯಾಕ್ಟರುಗಳಲ್ಲೂ ಬರುತ್ತಾರೆ. ಬಂದವರೆಲ್ಲರ ಗಂಟಿನಲ್ಲಿ ಭಂಡಾರ ಇದ್ದೇ ಇರುತ್ತದೆ. ದೇವಿಗೆ, ಪಲ್ಲಕ್ಕಿಗೆ, ಎದುರು ಸಿಕ್ಕವರ ಹಣೆಗೆ, ಕೊನೆಗೆ ಸುಮ್ಮನೆ ಆಕಾಶಕ್ಕೆ ಅರಿಷಿಣ ತೂರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಆ ಧೂಳು ನೆಲಕ್ಕಿಳಿಯದೆ ತೇಲುತ್ತಿರುತ್ತದೆ. ಅದರ ವಾಸನೆ ಮೂಗಿನಲ್ಲಿ ಎರಡು ದಿನ ಉಳಿಯುತ್ತದೆ, ಬಣ್ಣ ಅಂಗಿಯ ಮೇಲೆ ಎರಡು ತಿಂಗಳು.

ಹುಡುಗನಾಗಿದ್ದಾಗ ಜಾತ್ರೆಯಿಂದ ಬಂದು ಹಳದಿ ಕೈಗಳನ್ನು ಬಚ್ಚಲಲ್ಲಿ ತಿಕ್ಕುತ್ತ ನಿಂತಿದ್ದೆ. ನಮ್ಮ ಆಯಿ ನೋಡಿ ನಕ್ಕಿದ್ದಳು. ‘ನೀರಿಗೆ ಹೋಗೂದಲ್ಲಪಾ ಅದು. ಮೊದಲ ಒಂದೀಟ ಎಣ್ಣಿ ತಿಕ್ಕೊ.’ ಎಣ್ಣೆ ತಿಕ್ಕಿದೆ. ಕೈಯ ಹಳದಿ ಎಣ್ಣೆಗೆ ಬಂತು, ಎಣ್ಣೆಯನ್ನು ಸಾಬೂನು ಒಯ್ದಿತು. ಯಾವುದು ಯಾವುದರಲ್ಲಿ ಕರಗುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲಿ. ರಸಾಯನಶಾಸ್ತ್ರದ ಪುಸ್ತಕ ಅದಕ್ಕೆ ‘ದ್ರಾವಕ’ ಎಂದು ಹೆಸರಿಟ್ಟದ್ದು ಆಮೇಲೆ.

ಗಿಡಮೂಲಿಕೆಗಳಿಂದ ಬಣ್ಣ, ಘಮ, ಔಷಧ ತೆಗೆದ ಕತೆಯನ್ನು ಹೇಳುವವರು ಸಾಮಾನ್ಯವಾಗಿ ‘ತೆಗೆಯುವ’ ಭಾಗವನ್ನೇ ಹೇಳುತ್ತಾರೆ. ಕುದಿಸಿದರು, ಅರೆದರು, ಬಟ್ಟಿ ಇಳಿಸಿದರು ಎಂದು. ಹಾಗೆ ಹೊರಬಂದದ್ದನ್ನು ಎಲ್ಲಿ, ಯಾವುದರಲ್ಲಿ ಹಿಡಿದರು ಎಂಬುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಆ ಒಂದು ಸಾಲಿನಲ್ಲೇ ಕಷ್ಟವೆಲ್ಲ ಅಡಗಿದೆ ಅನ್ನಿಸಿದ್ದು, ಅದರಲ್ಲಿ ನಾನೇ ಒಮ್ಮೆ ಸೋತ ಮೇಲೆ. ಆ ಸೋಲಿನ ಮಾತು ಮುಂದೆ ಬರುತ್ತದೆ.

ನಮ್ಮ ಭಾಷೆಯಲ್ಲಿ ಈ ವಿಷಯಕ್ಕೆ ಸಾವಿರ ವರ್ಷದ ಓದುಗರಿದ್ದಾರೆ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವ ಜಾಗ ಹುಡುಕುವುದು, ಮರಗಿಡಗಳ ಆರೈಕೆ, ಅಡುಗೆ ಇವುಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಒಂದು ಅಧ್ಯಾಯವಿದೆ. ಅದೇ ಮನೆತನದ ಮೂರನೆಯ ಸೋಮೇಶ್ವರ ಮುಂದಿನ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದಾಗ ರಾಜನ ಸ್ನಾನದ ಎಣ್ಣೆಗೂ ಜಾಗ ಕೊಟ್ಟ. ಆ ಕಾಲದ ಉಪಾಯ ಸರಳವಾಗಿತ್ತು. ಎಳ್ಳಿನ ನಡುವೆ ಘಮಘಮಿಸುವ ಹೂಗಳನ್ನು ಹರಡಿ ಮುಚ್ಚಿಡುವುದು, ಬಾಡಿದ ಹೂ ತೆಗೆದು ಹೊಸ ಹೂ ಹಾಕುವುದು, ಎಳ್ಳಿಗೆ ಸಾಕಷ್ಟು ಪರಿಮಳ ಹತ್ತಿದ ಮೇಲೆ ಗಾಣಕ್ಕೆ ಹಾಕುವುದು. ಹೂವನ್ನು ಯಾರೂ ಹಿಂಡಲಿಲ್ಲ, ಬೇಯಿಸಲಿಲ್ಲ. ಹೂವು ತಾನಾಗಿ ಬಿಟ್ಟ ಉಸಿರನ್ನು ಎಳ್ಳಿನೊಳಗಿನ ಎಣ್ಣೆ ಹಿಡಿದಿಟ್ಟುಕೊಂಡಿತು. ಫ್ರಾನ್ಸಿನ ಗ್ರಾಸ್ ಊರಿನವರು ಬಹಳ ಕಾಲದ ನಂತರ ಗಾಜಿನ ಹಲಗೆಗೆ ಕೊಬ್ಬು ಸವರಿ ಮಲ್ಲಿಗೆ ಹರಡಿದ್ದೂ ಇದೇ ಲೆಕ್ಕದಲ್ಲಿ. ಕೊಬ್ಬು ಹಿಡಿದ ಘಮವನ್ನು ಅವರು ಮದ್ಯಸಾರದಿಂದ ತೊಳೆದು ತೆಗೆಯುತ್ತಿದ್ದರು.

ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ತಾಮ್ರದ ಹಂಡೆಗೆ ‘ದೇಗ್’ ಎನ್ನುತ್ತಾರೆ. ಗುಲಾಬಿ, ಕೇದಗೆ, ಕೊನೆಗೆ ಮೊದಲ ಮಳೆಯ ವಾಸನೆಗಾಗಿ ಸುಟ್ಟ ಮಣ್ಣಿನ ತುಂಡುಗಳನ್ನೂ ನೀರಿನೊಂದಿಗೆ ಅದರಲ್ಲಿ ಕಾಯಿಸುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ನೀರಿನ ತೊಟ್ಟಿಯಲ್ಲಿ ಕೂತಿರುವ ಉದ್ದ ಕತ್ತಿನ ಇನ್ನೊಂದು ಪಾತ್ರೆಗೆ ಹೋಗುತ್ತದೆ. ಅದರ ಹೆಸರು ‘ಭಪ್ಕಾ’. ಅದು ಖಾಲಿ ಪಾತ್ರೆಯಲ್ಲ. ಅದರ ತಳದಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಆವಿಯೊಂದಿಗೆ ಬಂದ ಗುಲಾಬಿಯ ಸತ್ವ ಆ ಎಣ್ಣೆಯಲ್ಲಿ ಸೇರಿಕೊಳ್ಳುತ್ತದೆ, ಉಳಿದ ನೀರನ್ನು ಆಮೇಲೆ ಕೆಳಗಿನಿಂದ ಬಸಿದು ತೆಗೆಯುತ್ತಾರೆ. ಭಪ್ಕಾ ಬಿಸಿಯಾಗುತ್ತಾ ಹೋದರೆ ಒಳಗಿನ ಎಣ್ಣೆ ಹಿಡಿದದ್ದನ್ನೂ ಬಿಟ್ಟುಬಿಡುತ್ತದೆ. ಆದ್ದರಿಂದ ಕೆಲಸಗಾರ ಆಗಾಗ ಕೈಯಿಂದ ಮುಟ್ಟಿ ನೋಡುತ್ತಾನೆ, ಬಿಸಿ ಹತ್ತಿದರೆ ಪಾತ್ರೆ ಬದಲಿಸುತ್ತಾನೆ. ನನ್ನ ಮಟ್ಟಿಗೆ ಆ ಕೈ ಒಂದು ಉಪಕರಣವೇ. ಅದು ಅಳೆಯುವುದು ಬೆಂಕಿಯನ್ನಲ್ಲ, ಹಿಡಿಯುವವನ ತಾಳ್ಮೆಯನ್ನು.

ಆ ಗಂಧದೆಣ್ಣೆಗೆ ಹೆಸರುವಾಸಿಯಾದದ್ದು ನಮ್ಮ ಮೈಸೂರು ಸೀಮೆಯ ಮರ. ಮೊದಲ ಮಹಾಯುದ್ಧದ ತನಕ ಇಲ್ಲಿಂದ ಮರ ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿದಾಗ ಸಂಸ್ಥಾನದ ಮರ ಕೊಳ್ಳುವವರಿಲ್ಲದೆ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ, ವಾಟ್ಸನ್ ಸೇರಿ ಇಲ್ಲಿಯೇ ಬಟ್ಟಿ ಇಳಿಸುವ ವಿಧಾನವನ್ನು ಕುದುರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುವಾಯಿತು, ಬಳಿಕ ಮೈಸೂರಿನ ಕಾರ್ಖಾನೆ ಬಂತು. ಶಾಲೆಯ ಪುಸ್ತಕಗಳಲ್ಲಿ ಈ ಕತೆ ಸಾಬೂನಿನಲ್ಲಿ ಮುಗಿಯುತ್ತದೆ. ನನಗೆ ಕುತೂಹಲವಿರುವುದು ಗಂಧದೆಣ್ಣೆಯ ಇನ್ನೊಂದು ಬದುಕಿನಲ್ಲಿ. ಅದು ತನ್ನ ಘಮಕ್ಕಾಗಿ ಮಾರಾಟವಾದಷ್ಟೇ, ಬೇರೆಯವರ ಘಮವನ್ನು ಹೊತ್ತುಕೊಳ್ಳುವ ಗುಣಕ್ಕಾಗಿಯೂ ಬೇಡಿಕೆಯಲ್ಲಿತ್ತು. ಈಗ ಅದರ ಬೆಲೆ ಏರಿ ಏರಿ, ಭಪ್ಕಾದೊಳಗೆ ಅದರ ಜಾಗದಲ್ಲಿ ಪ್ಯಾರಾಫಿನ್ ಎಣ್ಣೆ ಬಂದು ಕೂತಿದೆ ಎಂದು ಅತ್ತರು ಬಲ್ಲವರು ಹಲುಬುತ್ತಾರೆ.

ಇಲ್ಲಿಂದ ಕತೆ ಯುರೋಪಿಗೆ ಹೋಗಬೇಕು, ಮತ್ತು ನೂರು ವರ್ಷ ಹಿಂದಕ್ಕೆ. ಕಾರಣವಿದೆ. ಎಣ್ಣೆ, ಕೊಬ್ಬು, ಹಬೆ ಇವೆಲ್ಲ ನಮಗೆ ಪರಿಚಿತ. ಆದರೆ ಗಾಳಿಯೇ ದ್ರಾವಕವಾಗಬಲ್ಲದು ಎಂದು ಯಾರೂ ಊಹಿಸಿರಲಿಲ್ಲ. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬಾತ ಫಿರಂಗಿಯ ನಳಿಗೆಯೊಳಗೆ ದ್ರವವನ್ನೂ ಬೆಣಚುಕಲ್ಲಿನ ಗುಂಡೊಂದನ್ನೂ ಹಾಕಿ ಭದ್ರವಾಗಿ ಮುಚ್ಚಿ ಕಾಯಿಸಿದ. ಒಳಗೆ ಏನಾಗುತ್ತಿದೆ ಎಂದು ನೋಡುವಂತಿಲ್ಲ. ಆತ ಕಿವಿ ಕೊಟ್ಟ. ನಳಿಗೆಯನ್ನು ಅಲ್ಲಾಡಿಸಿದಾಗ ಗುಂಡು ದ್ರವದಿಂದ ಆವಿಗೆ ದಾಟುವ ಸದ್ದು ಕೇಳುತ್ತಿತ್ತು. ಒಂದು ಬಿಸಿಯನ್ನು ದಾಟಿದ ಮೇಲೆ ಆ ಸದ್ದಿನ ವ್ಯತ್ಯಾಸವೇ ಅಳಿಸಿಹೋಯಿತು. ಒಳಗೆ ದ್ರವವೂ ಇಲ್ಲ, ಆವಿಯೂ ಇಲ್ಲ, ಎರಡರ ನಡುವಿನ ಗೆರೆ ಇಲ್ಲ. ಸೈರನ್‌ಗೆ ಆ ಹೆಸರಿಟ್ಟವನೂ ಈತನೇ. ಕಿವಿಯ ಮನುಷ್ಯ.

ಬೆಲ್ಫಾಸ್ಟಿನ ಥಾಮಸ್ ಆಂಡ್ರೂಸ್ 1869ರಲ್ಲಿ ಇಂಗಾಲದ ಡೈಆಕ್ಸೈಡಿಗೆ ಈ ಗೆರೆ ಅಳಿಸುವ ಬಿಂದು ಸುಮಾರು 31 ಡಿಗ್ರಿ ಎಂದು ತೋರಿಸಿ ಅದಕ್ಕೆ ‘ಕ್ರಿಟಿಕಲ್ ಬಿಂದು’ ಎಂದು ಹೆಸರಿಟ್ಟ. ಮೂವತ್ತೊಂದು ಡಿಗ್ರಿ ಅಂದರೆ ನಮ್ಮ ಜಾತ್ರೆಯ ಮಧ್ಯಾಹ್ನದ ಬಿಸಿಲು. ಬಿಸಿಗೇನೂ ಕೊರತೆಯಿಲ್ಲ, ಬೇಕಾದ ಒತ್ತಡ ಮಾತ್ರ ನಾವು ಉಸಿರಾಡುವ ಗಾಳಿಯದಕ್ಕಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು. ಅಷ್ಟು ಒತ್ತಿದಾಗ ಆ ಅನಿಲ ದ್ರವದ ಹಾಗೆ ಕರಗಿಸುತ್ತದೆ, ಅನಿಲದ ಹಾಗೆ ಸಂದುಗೊಂದುಗಳಲ್ಲಿ ನುಗ್ಗುತ್ತದೆ. ಇದನ್ನೇ ಈಗ ಸೂಪರ್‌ಕ್ರಿಟಿಕಲ್ ಸ್ಥಿತಿ ಎನ್ನುತ್ತಾರೆ.

ಅದು ನಿಜವಾಗಿಯೂ ಕರಗಿಸುತ್ತದೆಯೇ? 1879ರಲ್ಲಿ ಹ್ಯಾನೇ ಮತ್ತು ಹೋಗಾರ್ತ್ ಎಂಬಿಬ್ಬರು ಗಾಜಿನ ಕೊಳವೆಯಲ್ಲಿ ಮದ್ಯಸಾರವನ್ನು ಈ ಸ್ಥಿತಿಗೆ ಒಯ್ದು ಅದರಲ್ಲಿ ಪೊಟ್ಯಾಸಿಯಂ ಅಯೋಡೈಡಿನಂಥ ಲವಣಗಳನ್ನು ಕರಗಿಸಿ ತೋರಿಸಿದರು. ಒತ್ತಡ ಇಳಿಸಿದಾಗ ಕರಗಿದ್ದ ಲವಣ ಕೊಳವೆಯೊಳಗೆ ಹಿಮದಂತೆ ಉದುರಿತು, ಇಲ್ಲವೆ ಗಾಜಿಗೆ ಇಬ್ಬನಿಯಂತೆ ಅಂಟಿತು. ಇದು ಅನಿಲದ ಕೆಲಸವೇ ಅಲ್ಲ, ಬಿಸಿ ದ್ರವದ ಕೆಲಸ ಎಂದು ವಿಲಿಯಂ ರ‍್ಯಾಮ್ಸೆ ವಾದ ಹೂಡಿದರು. ಹ್ಯಾನೇ ಮುಂದೆ ತಾನು ವಜ್ರ ಮಾಡಿದ್ದೇನೆ ಎಂದು ಹೇಳಿಕೊಂಡು ಹೆಸರು ಕೆಡಿಸಿಕೊಂಡರು. ಆದರೆ ಕೊಳವೆಯೊಳಗಿನ ಆ ಹಿಮ ಸುಳ್ಳಲ್ಲ. ನನ್ನ ಪಾಲಿಗೆ ಈ ಇತಿಹಾಸದ ತಿರುವು ಅದೇ. ಒತ್ತಡ ಹೋದೊಡನೆ ದ್ರಾವಕವೇ ಇಲ್ಲವಾಗುತ್ತದೆ, ಕರಗಿದ್ದದ್ದು ನಡುಗಾಳಿಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಹಿಡಿಯಲು ಏನೂ ಇಡದಿದ್ದರೆ ಅದು ಜಾತ್ರೆಯ ಭಂಡಾರವೇ.

ಮುಚ್ಚಿದ ಕೊಳವೆಯಲ್ಲಿ ಇದು ಬರೀ ಚಂದದ ನೋಟ. ಉದ್ಯಮಕ್ಕೆ ಬಂದಾಗ ತಲೆನೋವು. ಅದನ್ನು ಜಾಣತನದಿಂದ ದಾಟಿದವರು ಜರ್ಮನಿಯ ಮ್ಯುಲ್‌ಹೈಮಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕುರ್ಟ್ ತ್ಸೋಸೆಲ್. 1960ರ ದಶಕದಲ್ಲಿ ಕಾಫಿ ಬೀಜದಿಂದ ಕೆಫೀನನ್ನು ಇಂಗಾಲದ ಡೈಆಕ್ಸೈಡಿನಿಂದ ತೆಗೆಯುವ ದಾರಿ ಅವರದು. ಅದಕ್ಕೂ ಮೊದಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬ್ರೆಮೆನ್ನಿನ ಲುಡ್ವಿಗ್ ರೋಸೆಲಿಯುಸ್ ಈ ಕೆಲಸಕ್ಕೆ ಬೆಂಜೀನ್ ಬಳಸಿದ್ದ. ಬೆಂಜೀನ್ ವಿಷ ಎಂದು ಈಗ ಎಲ್ಲರಿಗೂ ಗೊತ್ತು. ತ್ಸೋಸೆಲರ ವಿಧಾನದಲ್ಲಿ ಬೀಜವನ್ನು ಮೊದಲು ನೆನೆಸುತ್ತಾರೆ, ಒತ್ತಡದ ಅನಿಲ ಅದರೊಳಗೆ ಹಾದು ಕೆಫೀನ್ ಹೊತ್ತು ಬರುತ್ತದೆ. ಈಗ ಒತ್ತಡ ಇಳಿಸಿದರೆ ಕೆಫೀನ್ ಉದುರುತ್ತದೆ, ಆದರೆ ಅನಿಲವನ್ನು ಮತ್ತೆ ಒತ್ತಲು ಖರ್ಚು. ಅವರು ಒತ್ತಡ ಇಳಿಸಲೇ ಇಲ್ಲ. ಅದೇ ಒತ್ತಡದಲ್ಲಿ ಅನಿಲವನ್ನು ನೀರಿನಿಂದ ತೊಳೆದರು. ಕೆಫೀನ್ ನೀರಿಗೆ ಇಳಿಯಿತು, ಹಗುರಾದ ಅನಿಲ ಮತ್ತೆ ಬೀಜದ ಬಳಿಗೆ ಹೋಯಿತು. ನೀರಿನ ಬದಲು ಇದ್ದಿಲೂ ಆದೀತು. ಕಾಫಿ ತೋಟದ ನಾಡಿನವರಾದ ನಾವು ಕೆಫೀನಿಲ್ಲದ ಕಾಫಿಯನ್ನು ನೋಡಿ ಮುಖ ಸಿಂಡರಿಸುತ್ತೇವೆ. ನಾನೂ ಅಷ್ಟೇ. ಆದರೆ ಆ ನೀರಿನ ಉಪಾಯಕ್ಕೆ ತಲೆಬಾಗುತ್ತೇನೆ. ಕನ್ನೌಜಿನ ಭಪ್ಕಾದ ತಳದ ಗಂಧದೆಣ್ಣೆ ಮಾಡುವ ಕೆಲಸವನ್ನೇ ಅದು ಮಾಡಿತು.

ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಬೀಜ, ಆಳೆತ್ತರದ ಗೋಪುರ. ಪ್ರಯೋಗಾಲಯದಲ್ಲಿ ಇರುವುದು ಒಂದೆರಡು ಗ್ರಾಂ ಪುಡಿ. 1980ರ ದಶಕದಲ್ಲಿ ಈ ವಿಧಾನ ವಿಶ್ಲೇಷಣೆಯ ಪ್ರಯೋಗಾಲಯಗಳಿಗೆ ಇಳಿಯಿತು. ಮಣ್ಣಿನಲ್ಲಿ ಎಷ್ಟು ವಿಷವಿದೆ, ಮೆಣಸಿನಲ್ಲಿ ಎಷ್ಟು ಎಣ್ಣೆಯಿದೆ ಎಂದು ಅಳೆಯಲು ಲೀಟರುಗಟ್ಟಲೆ ದ್ರಾವಕ ಸುರಿಯುವುದನ್ನು ಬಿಡಿಸುವುದು ಅದರ ಆಸೆ. ಅಮೆರಿಕದ ನಾರ್ತ್ ಡಕೋಟ ವಿಶ್ವವಿದ್ಯಾಲಯದ ಸ್ಟೀವನ್ ಹಾಥಾರ್ನ್ ಮತ್ತು ಸಂಗಡಿಗರ ಕೆಲಸ ಇದರಲ್ಲಿ ದೊಡ್ಡದು. ಹಿಡಿಯುವ ಏರ್ಪಾಡು ನೋಡಲು ತೀರ ಸಾದಾ. ತಲೆಗೂದಲಿಗಿಂತ ಸಣ್ಣ ರಂಧ್ರದ ಗಾಜಿನ ನಳಿಗೆಯ ತುದಿಯನ್ನು ಒಂದು ಪುಟ್ಟ ಸೀಸೆಯೊಳಗೆ ಇಳಿಬಿಡುತ್ತಾರೆ. ಸೀಸೆಯಲ್ಲಿ ಕೆಲವು ಮಿಲಿಲೀಟರು ದ್ರಾವಕ: ಹೆಕ್ಸೇನ್, ಮೆಥನಾಲ್, ಡೈಕ್ಲೋರೋಮೀಥೇನ್, ಇಂಥವು. ಅನಿಲ ಗುಳುಗುಳು ಎಂದು ಗುಳ್ಳೆಯೆದ್ದು ಹೊರಗೆ ಹೋಗುತ್ತದೆ, ಹೊತ್ತು ತಂದದ್ದು ದ್ರಾವಕದಲ್ಲಿ ಉಳಿಯುತ್ತದೆ. ಉಳಿಯಬೇಕು, ಅಷ್ಟೆ.

ಈ ‘ಬೇಕು’ ಎಷ್ಟು ದೂರದ ಮಾತು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಪಂಪಿನಿಂದ ನಿಮಿಷಕ್ಕೆ 1 ಮಿಲಿಲೀಟರು ದ್ರವ ಡೈಆಕ್ಸೈಡ್ ಹೊರಟರೆ ಸೀಸೆಯ ಬಾಯಿಯಲ್ಲಿ ಅದು ಸುಮಾರು ಅರ್ಧ ಲೀಟರು ಗಾಳಿಯಾಗುತ್ತದೆ. ಅರ್ಧ ಗಂಟೆಗೆ 15 ಲೀಟರು, ಹೆಬ್ಬೆಟ್ಟಿನಷ್ಟು ದ್ರಾವಕದ ಮೂಲಕ. ಅದು ಗುಳ್ಳೆಗಳ ಬಿರುಗಾಳಿ. ಒಮ್ಮೆಲೇ ಹಿಗ್ಗಿದ ಅನಿಲ ಸುತ್ತಲಿನದನ್ನು ತಣ್ಣಗಾಗಿಸುತ್ತದೆ. ನಳಿಗೆಯ ತುದಿಯಲ್ಲಿ ಮಂಜು ಕಟ್ಟಿ ದಾರಿ ಮುಚ್ಚುತ್ತದೆ. ಮುಚ್ಚಬಾರದೆಂದು ತುದಿಗೆ ಬಿಸಿ ಕೊಟ್ಟರೆ ದ್ರಾವಕ ಆರಿಹೋಗುತ್ತದೆ, ಹಗುರವಾದ ಘಮಗಳನ್ನೂ ಕೂಡ ಒಯ್ಯುತ್ತದೆ. ಇನ್ನೊಂದಿಷ್ಟು ಕಣ್ಣಿಗೆ ಕಾಣದ ತುಂತುರಾಗಿ, ಗುಳ್ಳೆಯ ಹೊಟ್ಟೆಯಲ್ಲಿ ಕೂತು, ದ್ರಾವಕವನ್ನು ಮುಟ್ಟದೆಯೇ ಪಾರಾಗುತ್ತದೆ. ಚೆನ್ನಾಗಿ ಕರಗಿಸುವ ದ್ರಾವಕವಿದ್ದರೆ ಸಾಲದು ಎಂದು ಪ್ರಯೋಗ ಮಾಡಿದವರು ಬೇಗ ಕಲಿತರು. ಗುಳ್ಳೆ ಸಣ್ಣದಿರಬೇಕು, ದಾರಿ ಉದ್ದವಿರಬೇಕು, ಸೀಸೆ ತಣ್ಣಗಿರಬೇಕು, ಆರಿದ ದ್ರಾವಕವನ್ನು ಆಗಾಗ ತುಂಬಬೇಕು. ಸೀಸೆಗೆ ಮುಚ್ಚಳ ಹಾಕಿ ಒಳಗೆ ಅಲ್ಪ ಒತ್ತಡ ಉಳಿಸಿದರೆ ಗುಳ್ಳೆಯ ಅಬ್ಬರ ತಗ್ಗುತ್ತದೆ. ಅತ್ತರಿನವನ ಕೈ ಭಪ್ಕಾದ ಮೇಲೆ ಹುಡುಕುತ್ತಿದ್ದದ್ದೂ ಇದೇ ಸಮತೋಲವನ್ನು.

ಈಗ ನನ್ನ ಸೋಲಿನ ವಿಷಯ. ಎಂ.ಎಸ್ಸಿ. ಮುಗಿಸಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಕಲಿಯುತ್ತಿದ್ದಾಗ ಊರಿನಿಂದ ಕಾಕಾ ತಮ್ಮ ಹೊಲದ ಅರಿಷಿಣ ಒಂದು ಕೈಚೀಲದಲ್ಲಿ ಕಳಿಸಿದ್ದರು. ‘ಎಣ್ಣಿ ಎಷ್ಟ ಐತಿ ನೋಡಿ ಹೇಳ’ ಎಂದಿದ್ದರು. ಕೃಷ್ಣೆಯ ನೀರು ಬಂದ ಮೇಲೆ ನಮ್ಮ ಕಡೆ ಕಬ್ಬೇ ಜಾಸ್ತಿ, ಆದರೂ ಕಾಕಾ ಅರ್ಧ ಎಕರೆ ಅರಿಷಿಣ ಬಿಟ್ಟವರಲ್ಲ. ಒಣ ಅರಿಷಿಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಎಣ್ಣೆ ಇರುತ್ತದೆ. ನನಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆ. ಮಣ್ಣು ಸರಿಯಿಲ್ಲ, ಬೇಯಿಸಿದ್ದು ಹೆಚ್ಚಾಯಿತು ಎಂದೆಲ್ಲ ಕಾರಣ ಯೋಚಿಸಿ ವರದಿ ಬರೆದೂ ಇಟ್ಟೆ. ಸಂಜೆ ಬಾಗಿಲು ಹಾಕುವಾಗ ಹೊಗೆ ಹೀರುವ ಪೆಟ್ಟಿಗೆಯ ಬಳಿ ನಿಂತೆ. ಜಾತ್ರೆಯ ವಾಸನೆ. ಕಾಕಾನ ಎಣ್ಣೆ ನನ್ನ ಸೀಸೆಗೆ ಬಾರದೆ ಆ ಪೆಟ್ಟಿಗೆಯ ಗೋಡೆಗೆ ಅಂಟಿ ಕೂತಿತ್ತು. ಮಧ್ಯಾಹ್ನ ಊಟಕ್ಕೆ ಹೋದಾಗ ಸೀಸೆಯಲ್ಲಿನ ದ್ರಾವಕ ಅರ್ಧಕ್ಕೂ ಕೆಳಗೆ ಇಳಿದಿತ್ತು, ನಾನು ತುಂಬಿರಲಿಲ್ಲ.

ಯಾರೂ ಬೈಯಲಿಲ್ಲ. ಆದರೆ ಅಂದು ನನಗೆ ಹೆದರಿಕೆಯಾದದ್ದು ತಪ್ಪಿಗಲ್ಲ. ತಪ್ಪಿಗೆ ವರದಿಯಲ್ಲಿ ಜಾಗವೇ ಇರಲಿಲ್ಲ ಎಂಬುದಕ್ಕೆ. ಹಿಡಿಯಲಾಗದೆ ಹೋದದ್ದು ಹಾಳೆಯ ಮೇಲೆ ‘ಇಲ್ಲ’ ಎಂದಾಗುತ್ತದೆ, ಓದುವವನಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೆ ಪ್ರಯೋಗಾಲಯದವರು ಒಂದು ಪ್ರಾಮಾಣಿಕ ಉಪಾಯ ಇಟ್ಟುಕೊಂಡಿದ್ದಾರೆ. ಗೊತ್ತಿರುವಷ್ಟು ವಸ್ತುವನ್ನು ತಾವೇ ಸೇರಿಸಿ, ಮರಳಿ ಎಷ್ಟು ಸಿಕ್ಕಿತು ಎಂದು ನೋಡುವುದು. ನೂರು ಹಾಕಿ ಅರವತ್ತು ಸಿಕ್ಕರೆ ನಲವತ್ತು ನಿಮ್ಮ ಸೀಸೆಯ ಸಾಲ. ನಾನು ಆ ಪರೀಕ್ಷೆಯನ್ನೂ ಮಾಡಿರಲಿಲ್ಲ.

ಅರಿಷಿಣ ಈ ವಿಷಯದಲ್ಲಿ ಇನ್ನೊಂದು ಆಟ ಆಡುತ್ತದೆ. ಅದರ ಹಳದಿಯನ್ನು 1815ರಲ್ಲಿ ಫೋಗೆಲ್ ಮತ್ತು ಪೆಲೆತಿಯೇ ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದರು, ಅದರ ರಚನೆ 1910ರಲ್ಲಿ ತಿಳಿಯಿತು. ಜಗತ್ತೆಲ್ಲ ಅದರ ಹಿಂದೆ ಬಿದ್ದಿದೆ. ಆದರೆ ಒತ್ತಿದ ಇಂಗಾಲದ ಡೈಆಕ್ಸೈಡಿಗೆ ಆ ಹಳದಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಟರ್ಮೆರೋನ್ ಎಂಬ ಘಮದ ಎಣ್ಣೆಯನ್ನು ಎತ್ತಿಕೊಂಡು ಹೋಗುತ್ತದೆ, ಬಣ್ಣ ಹಿಂಡಿಯಲ್ಲೇ ಉಳಿಯುತ್ತದೆ. ಬಣ್ಣವೂ ಬೇಕೆಂದರೆ ಅನಿಲದ ಜೊತೆ ಮದ್ಯಸಾರ ಕಳಿಸಬೇಕು. ಆಗ ಹಿಡಿಯುವ ದ್ರಾವಕ ಅನಿಲದ ಜೊತೆಗೇ ಪ್ರಯಾಣ ಮಾಡಿ ಬಂದು ಸೀಸೆಯಲ್ಲಿ ಇಳಿಯುತ್ತದೆ, ಸೀಸೆ ಆರುವ ಭಯವೂ ಕಡಿಮೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬಾ ವಿಲಾಸದಲ್ಲಿ ಕೂತು ನಮ್ಮ ಸಾಂಬಾರ ಪದಾರ್ಥಗಳ ಎಣ್ಣೆ, ಬಣ್ಣಗಳ ಲೆಕ್ಕ ಬರೆಯುತ್ತಿದೆ. ಅಲ್ಲಿನ ವಿ.ಎಸ್. ಗೋವಿಂದರಾಜನ್ 1980ರಲ್ಲಿ ಅರಿಷಿಣದ ರಸಾಯನ, ಸಂಸ್ಕರಣೆ, ಗುಣಮಟ್ಟಗಳ ಬಗ್ಗೆ ಬರೆದ ದೀರ್ಘ ಸಮೀಕ್ಷೆಯನ್ನು ಈ ಕ್ಷೇತ್ರದವರು ಇಂದೂ ತಿರುವಿ ಹಾಕುತ್ತಾರೆ. ನಾನು ಅದನ್ನು ಓದಿದ್ದು ನನ್ನ ವರದಿ ಹರಿದು ಹಾಕಿದ ಮೇಲೆ. ಮೊದಲೇ ಓದಿದ್ದರೆ ಕಾಕಾನ ಮಣ್ಣನ್ನು ದೂರುತ್ತಿರಲಿಲ್ಲವೇನೋ.

ಎರಡನೆಯ ಸಲ ಸೀಸೆಯ ಬದಲು ಉದ್ದನೆಯ ಕೊಳವೆ ತೆಗೆದುಕೊಂಡೆ, ಮಂಜುಗಡ್ಡೆಯಲ್ಲಿ ಕೂರಿಸಿದೆ, ಅದರಾಚೆಗೆ ಇನ್ನೊಂದು ಕೊಳವೆ ಜೋಡಿಸಿದೆ. ಮೊದಲನೆಯದು ಬಿಟ್ಟದ್ದನ್ನು ಎರಡನೆಯದು ಹಿಡಿಯಲಿ ಎಂದು. ಊಟಕ್ಕೆ ಹೋಗಲಿಲ್ಲ. ಎಣ್ಣೆ ಮೊದಲಿನ ದುಪ್ಪಟ್ಟಿನ ಆಸುಪಾಸು ಬಂತು. ಎರಡನೆಯ ಕೊಳವೆಯಲ್ಲೂ ತುಸು ಇತ್ತು. ಅಂದರೆ ಮೂರನೆಯದನ್ನು ಇಟ್ಟಿದ್ದರೆ ಅದರಲ್ಲೂ ಇರುತ್ತಿತ್ತೋ ಏನೋ.

ರಾತ್ರಿ ಕಾಕಾನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಮೊದಲನೇ ಸಲ ಅದು ಎಲ್ಲಿ ಹೋಗಿತ್ತೋ?’ ಎಂದರು. ಗಾಳಿಗೆ ಹೋಗಿತ್ತು ಎಂದೆ. ಅವರು ಅರಿಷಿಣವನ್ನು ಹಿಂದಿನ ವಾರವೇ ಸಾಂಗಲಿಯ ಪೇಟೆಗೆ ಒಯ್ದು ಮಾರಿ ಬಂದಿದ್ದರಂತೆ. ಅಲ್ಲಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಬೇರು ಮುರಿದ, ಒಳಗಿನ ಬಣ್ಣ ನೋಡಿದ, ಮೂಗಿಗೆ ಹಿಡಿದ, ದರ ಹೇಳಿದ.